ಕಾಣೆಯಾದವರಿಗೆ ಪಾಲಿಸಿ ಇಲ್ಲ

ಸಾಲಿಗ್ರಾಮ, 6-1-1974, ಭಾನುವಾರ

ಒಕ್ಕಣೆ ಮುಗಿಯಿತು. ಮೈಯೆಲ್ಲ ಭತ್ತದ ಸುಂಕು, ನವೆ. ಎರಡು ಹಂಡೆ ನೀರು ಕಾಯಿಸಿದೆ.

ಇವರು ಮತ್ತೆ ಕೆ.ಆರ್.ನಗರಕ್ಕೆ ಹೋಗಿ ಬಂದರು. ಇನ್ಶೂರೆನ್ಸ್ ವಿಚಾರ. ಕಾಶಿ-ಗಯಾ ಯಾತ್ರೆ ಗೊತ್ತಾದಾಗಿನಿಂದ ಇದೇ ಕೆಲಸ. ಹೊರಡುವುದು ಫೆಬ್ರವರಿ ಕೊನೆಗೆ, ನಾವಿಬ್ಬರೇ. ಮಗಳು ಜಯ ನಮ್ಮತ್ತೆಯ ಹತ್ತಿರ ಇರುತ್ತಾಳೆ. ನಾಲ್ಕು ವರ್ಷದ ಮಗುವನ್ನು ಅಷ್ಟು ದೂರ ಕರೆದೊಯ್ಯಲಾಗದು.

ಅಲ್ಲಿನ ಏಜೆಂಟರ ಪಾಲಿಸಿ ರೈಲು ಅಪಘಾತಕ್ಕೆ ಮಾತ್ರವಂತೆ. ದೋಣಿ ಮಗುಚಿದರೆ? ಇಲ್ಲ. ಘಾಟಿನ ಮೆಟ್ಟಿಲಲ್ಲಿ ಜಾರಿದರೆ? ಇಲ್ಲ. "ಬ್ಯಾಡ ಅಂದ್ಬುಟ್ಟೆ" ಅಂದರು. ಇನ್ನೂ ಏನೋ ಕೇಳಿದರಂತೆ... ಏನೆಂದು ಹೇಳಲಿಲ್ಲ.

ಇಷ್ಟು ಹೆದರಿಕೆಗೆ ಕಾರಣ ಅಕ್ಕ. ನಾನು ಹಾಗೆ ಕರೆಯುವುದು. ರುಕ್ಮಿಣಮ್ಮ, ಇವರ ಮೊದಲ ಹೆಂಡತಿ. ಅರವತ್ತಾರರ ಜನವರಿ, ಪ್ರಯಾಗದ ಕುಂಭಮೇಳ. ಜನರ ನೂಕಾಟದಲ್ಲಿ ಇವರ ಕೈಯಿಂದ ಅವಳ ಕೈ ತಪ್ಪಿತು. ಹೆಣವೂ ಸಿಗಲಿಲ್ಲ. ಈಗ ಗಯೆಯಲ್ಲಿ ಅವಳಿಗೆ ಪಿಂಡ ಇಟ್ಟು ಬರುವುದಕ್ಕೇ ಈ ಯಾತ್ರೆ.

ನಡುಮನೆಯ ಗೋಡೆಯ ಮೇಲೆ ಅವಳ ಫೋಟೊ ಇದೆ. ಹಾರ ಹಾಕುವ ಹಾಗಿಲ್ಲ. ತೆಗೆದಿಡುವ ಹಾಗೂ ಇಲ್ಲ. ಐದು ವರ್ಷದಿಂದ ಅವಳ ಕಣ್ಣೆದುರೇ ಗುಡಿಸುತ್ತಿದ್ದೇನೆ, ಸಾರಿಸುತ್ತಿದ್ದೇನೆ.

13-1-74

ಹುಣಸೂರಿಗೆ ನಾನೂ ಹೋಗಿದ್ದೆ. ಸಣ್ಣಬೀರಯ್ಯನವರ ಮನೆ. ಯಾತ್ರೆಗೆ ಜನ ಕರೆದೊಯ್ಯುವವರು ಅವರೇ, ಈಗ ಇನ್ಶೂರೆನ್ಸ್ ಏಜೆನ್ಸಿಯನ್ನೂ ಹಿಡಿದಿದ್ದಾರೆ. ಪಕ್ಕದಲ್ಲೇ ಹೊಗೆಸೊಪ್ಪಿನ ಗೋಡೌನು. ಘಾಟಿಗೆ ಕಣ್ಣಲ್ಲಿ ನೀರು.

"ಇದು ಬ್ಯಾರೆ ಥರ ದೇವರಾಜಣ್ಣೋರೆ. ರೈಲೇ ಆಗ್ಬೇಕು ಅಂತಿಲ್ಲ. ಬಸ್ಸು, ದೋಣಿ, ನೀರಲ್ಲಿ ಮುಳುಗಿದ್ರೂ ಸೇರ್ತದೆ. ಎಲ್ಡು ಕಣ್ಣು ಹೋದ್ರೆ ಪೂರ್ತಿ, ಒಂದಾದ್ರೆ ಅರ್ಧ. ಕೈಕಾಲಿಗೂ ಅಂಗೇಯ. ಜ್ವರಗಿರ ಬಂದು ಹೋದ್ರೆ ಮಾತ್ರ ಇಲ್ಲ."

ಇವರು ತಲೆ ತಗ್ಗಿಸಿಕೊಂಡೇ ಕೇಳಿದರು, "ಕಾಣೆಯಾದ್ರೆ?"

ಓ... ಕೆ.ಆರ್.ನಗರದಲ್ಲಿ ಕೇಳಿದ್ದೂ ಇದೇ.

"ಅದೆಂಗಾದದು ಅಣ್ಣೋರೆ. ಹೆಣ ಬೇಕು, ಇಲ್ಲ ಕಣ್ಣಾರೆ ಕಂಡೋರು ಬೇಕು. ಎರಡೂ ಇಲ್ದಿದ್ರೆ ಏಳು ವರ್ಸ ಕಾಯ್ಬೇಕು. ಆಮ್ಯಾಕೆ ಕೋರ್ಟು ಸತ್ತೋರು ಅಂತ ಒಪ್ತದೆ. ಅಲ್ಲೀಗಂಟ ಬದುಕವ್ರೆ ಅಂತ್ಲೇ ಲೆಕ್ಕ."

ಆಮೇಲೆ ಪೆನ್ನು ತೆಗೆದು, "ಯಜಮಾನಿತಿ ಎಸ್ರು?" ಅಂದರು.

"ರುಕ್ಮಿ..." ಇವರ ಬಾಯಿಂದ ಬಂದೇಬಿಟ್ಟಿತು. "ಸುನಂದಮ್ಮ ಅಂತ ಬರ್ಕೊಳಿ" ಅಂದೆ, ನಾನೇ. ಬರೆದುಕೊಂಡರು. ಸಹಿಗೆ ಕಾಗದ ತಂದು ಮನೆಗೇ ಬರುತ್ತಾರಂತೆ.

ಬಸ್ಸಿನಲ್ಲಿ ಲೆಕ್ಕ ಹಾಕುತ್ತಾ ಬಂದೆ. ಏಳು ವರ್ಷ. ನಮ್ಮ ಮದುವೆಯಾದದ್ದು ಮೂರನೇ ವರ್ಷಕ್ಕೆ. ಅಂದರೆ ಲೆಕ್ಕದ ಪ್ರಕಾರ ಅವಳು ಆಗ ಬದುಕಿದ್ದಳು. ಹಾಗಾದರೆ ಹಸೆಮಣೆಯ ಮೇಲೆ ಕೂತ ನಾನು ಯಾರು?

20-1-74

ಬರೆದು ಮುಗಿಸಬೇಕು.

ಸಣ್ಣಬೀರಯ್ಯ ಬಂದಿದ್ದರು, ಜೊತೆಗೆ ಹೆಂಡತಿ ಮಲ್ಲಾಜಮ್ಮ. ಯಾತ್ರೆಗಳಿಗೆಲ್ಲ ಆಕೆಯೂ ಹೋಗುತ್ತಾರೆ, ಅಡುಗೆ ಉಸ್ತುವಾರಿಗೆ. ಒಳ್ಳೆಯ ಹೆಂಗಸು. ಒಳಗೆ ಬರುತ್ತಲೇ ಫೋಟೊ ನೋಡಿ ನಿಂತುಬಿಟ್ಟರು. ನಾನು ಕಾಫಿ ಇಡಲು ಹೋದರೆ ಹಿಂದೆಯೇ ಬಂದು, ಕೈ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದರು.

"ಆ ಪೋಟೋದಲ್ಲಿರೋರು ಯಾರವ್ವ?"

ಹೇಳಿದೆ.

"ಅಯ್ಯೋ ಸಿವನೆ... ಹೋದ ವರ್ಸ ಕಾಸೀಲಿ ನೋಡಿವ್ನಿ ಕಣವ್ವ ಇವರ್ನ. ಎಡಗೆನ್ನೇಲಿ ಇದೇ ಮಚ್ಚೆ. ಒಂದು ಛತ್ರದಲ್ಲಿ ಅಡುಗೆ ಮಾಡ್ಕಂಡವ್ರೆ. ಕನ್ನಡ ಕೇಳಿ ನಾನೇ ಹೋಗಿ ಮಾತಾಡುಸ್ದೆ. ಸಾಲಿಗ್ರಾಮದ ಕಡೆಯೋರು ಯಾರಾರ ಬಂದವ್ರಾ ಅಂದ್ರು. ಇಲ್ಲ ಕಣ್ರವ್ವ ಅಂದೆ. 'ಸದ್ಯ' ಅಂದ್ರು. ಅಷ್ಟೇಯ."

ಒಳಗೆ ಹಾಲು ಉಕ್ಕಿದ ವಾಸನೆ. ನಡುಮನೆಯಲ್ಲಿ ಗಂಡಸರು ಮಾತಾಡುತ್ತಿದ್ದರು.

"ಯಾರಿಗೂ ಹೇಳ್ಬೇಡಿ" ಅಂದೆ. ಯಾಕೆ ಹಾಗಂದೆನೋ. ರಾಹುಕಾಲ ಅಂತ ನೆಪ ಹೇಳಿ ಸಹಿಯನ್ನೂ ಮುಂದಕ್ಕೆ ಹಾಕಿಸಿದೆ.

23-1-74

ಏನೂ ಇಲ್ಲ ಬರೆಯಲು.

2-2-74

ಉಪ್ಪಿನ ಭರಣಿ ಅವಳು ಇಟ್ಟ ಜಾಗದಲ್ಲೇ ಇದೆ. ಸೌಟಿನ ಮೊಳೆ ಅವಳು ಹೊಡೆಸಿದ್ದು, ನನ್ನ ಕೈಗೆ ಸ್ವಲ್ಪ ಎತ್ತರ. ಇಷ್ಟು ದಿನ ಏನೂ ಅನ್ನಿಸಿರಲಿಲ್ಲ. ಈಗ ಸೌಟು ತೆಗೆಯಲು ಕೈ ಚಾಚಿದಾಗಲೆಲ್ಲ ಬೆನ್ನ ಹಿಂದೆ ಯಾರೋ ನಿಂತು ಕಾಯುತ್ತಿರುವ ಹಾಗೆ— ನಿನ್ನದಾಗಲಿ, ಆಮೇಲೆ ನನ್ನದು ಅನ್ನುವ ಹಾಗೆ. ತಿರುಗಿದರೆ ಗೋಡೆ.

ಸತ್ತವಳೆಂದುಕೊಂಡಾಗ ಭಯವಿರಲಿಲ್ಲ. ಈಗ ಅವಳು ಎಲ್ಲೋ ರೊಟ್ಟಿ ಬೇಯಿಸುತ್ತಿದ್ದಾಳೆ, ಉಸಿರಾಡುತ್ತಿದ್ದಾಳೆ.

ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಇವರು ಪಿಂಡ ಇಡುತ್ತಾರೆ, ಎಲ್ಲ ಮುಗಿಯುತ್ತದೆ. ಬದುಕಿರುವವಳಿಗೆ ಪಿಂಡ... ಅದನ್ನು ನೋಡುತ್ತಾ ಪಕ್ಕದಲ್ಲಿ ನಾನು ಕೂರಬೇಕು.

9-2-74

ಹೇಳಿಬಿಟ್ಟೆ.

ನಾಲೆಯ ಏರಿ ಮೇಲೆ ಬುತ್ತಿ ಕೊಡಲು ಹೋದಾಗ. ಉಣ್ಣಲು ಕೂತಿದ್ದರು. ಮುದ್ದೆ ಮುರಿದ ಕೈ ಹಾಗೇ ನಿಂತಿತು. ನಾನು ಅಂದುಕೊಂಡಿದ್ದೆ, ಸಿಟ್ಟಾಗುತ್ತಾರೆ, ಸುಳ್ಳು ಅನ್ನುತ್ತಾರೆ. ಆಗಲಿಲ್ಲ. ಹುಡುಗನ ಹಾಗೆ ಕೇಳಿದರು, "ನಾನೊಬ್ನೇ ಹೋಗ್ಬರ್ಲಾ?"

"ಹೋಗಿ ಬನ್ನಿ."

"ಅವಳು ಬತ್ತೀನಿ ಅಂದ್ರೆ?"

"ಬಂದ್ರೆ ಬರ್ಲಿ. ಅವರ ಮನೆ ತಾನೆ."

ಹೇಳುವುದು ಹೇಳಿದೆ. ಬರುವಾಗ ದಾರಿಯುದ್ದಕ್ಕೂ ಅತ್ತೆ.

12-2-74

ಸಣ್ಣಬೀರಯ್ಯ ಬಂದರು. ಇಬ್ಬರ ಬದಲು ಇವರೊಬ್ಬರದೇ ಪಾಲಿಸಿ. ದೋಣಿ-ನೀರು ಎಲ್ಲ ಸೇರಿದ್ದೇ ಇರಲಿ ಅಂದೆ. ಅಲ್ಲಿ ಹೊಳೆಯ ದಂಡೆಯಲ್ಲಿ ಇವರ ಮನಸ್ಸು ಎಲ್ಲಿರುತ್ತದೋ.

"ನಾಮಿನಿ ಹೆಂಡ್ತಿ ಅಂತ ಹಾಕ್ಲಾ?"

ಇವರು ನನ್ನ ಮುಖ ನೋಡಿದರು. ಹೂಂ ಅನ್ನಲಾರರು, ಊಹೂಂ ಅನ್ನಲಾರರು. ಪಾಪ ಅನ್ನಿಸಿತು. ಸಿಟ್ಟೂ ಬಂತು.

"ಮಗಳ ಹೆಸರು ಹಾಕಿ" ಅಂದೆ. "ಜಯಲಕ್ಷ್ಮಿ."

"ಮಗು ಇನ್ನೂ ಚಿಕ್ದು ಕಣ್ರವ್ವ. ಅದರ ಪರವಾಗಿ ದೊಡ್ಡೋರೊಬ್ರು ಇರ್ಬೇಕು."

"ನಾನಿರ್ತೀನಿ."

"ಸಂಬಂಧ?"

"ತಾಯಿ."

ಬರೆದರು. ಎದೆ ಸ್ವಲ್ಪ ಗಟ್ಟಿಯಾಯಿತು. ಈ ಮಾತನ್ನು ಯಾವ ಕೋರ್ಟೂ ಅಲ್ಲಗಳೆಯಲಾರದು. ಕಾಶಿಯಿಂದ ಯಾರು ಬಂದರೂ.

26-2-74

ಹೊರಟರು. ಬಸ್ಸು ತಿರುಗುವವರೆಗೂ ಕಿಟಕಿಯಿಂದ ಮಗುವಿಗೆ ಕೈ ಬೀಸುತ್ತಿದ್ದರು.

14-3-74, ಗುರುವಾರ

ಬಂದರು. ಒಬ್ಬರೇ.

ಅತ್ತೆಯ ಮುಂದೆ "ಎಲ್ಲಾ ಆಯ್ತು ಕಣವ್ವ" ಅಂದರು. ಆಕೆ ಕಣ್ಣು ಮುಚ್ಚಿ ಕೈ ಮುಗಿದರು. ಹಿತ್ತಲಲ್ಲಿ ಸ್ನಾನಕ್ಕೆ ನೀರು ಹೊಯ್ಯುವಾಗ ಇವರು ನನಗೆ ಹೇಳಿದರು, ಬೆನ್ನು ತಿರುಗಿಸಿಕೊಂಡು. ಗಯೆಗೆ ಹೋಗಲೇ ಇಲ್ಲವಂತೆ.

"ಸಿಕ್ಳು. ತಲೆ ಪೂರಾ ಹಣ್ಣಾಗದೆ. ಬಾ ಅಂದೆ. ಬರಾಕಿಲ್ಲ ಅಂದ್ಳು. ಅವತ್ತು ಕೈ ಎಂಗೆ ತಪ್ತು ಅಂತ ಕೇಳ್ದೆ. 'ತಪ್ನಿಲ್ಲ, ನಾನೇ ಬುಡುಸ್ಕೊಂಡೆ' ಅಂದ್ಳು."

ತಂಬಿಗೆ ನನ್ನ ಕೈಯಲ್ಲೇ ಇತ್ತು.

"ಅಲ್ಲೇ ಒಂದು ಗುಡಾರದ ಮರೇಲಿ ನಿಂತಿದ್ಳಂತೆ. ನಾನು ಅವಳ ಹೆಸರು ಕೂಗ್ತಿದ್ದದ್ದು ಕೇಳಿಸ್ತಿತ್ತಂತೆ. ಸಂಜೇಗಂಟ ಕೂಗಿದ್ನಲ್ಲ ಸುನಂದಾ... ಅಷ್ಟೂ ಕೇಳಿಸ್ತಂತೆ."

"ಯಾಕಂತೆ?"

"'ಮಕ್ಕಳಾಗ್ನಿಲ್ಲ ಅಂತ ನಿಮ್ಮವ್ವ ದಿನಾ ಅನ್ನೋರು. ನೀವು ಒಂದಿನ ಬಾಯಿ ಬುಡ್ನಿಲ್ಲ. ಅವತ್ತು ನಾನೂ ಬಾಯಿ ಬುಡ್ನಿಲ್ಲ.' ಅಷ್ಟೇ ಅಂದ್ಳು. ಒಳಗೆ ಹೋಗಿ ಜನಕ್ಕೆಲ್ಲ ಬಡಿಸ್ದಂಗೆ ನನಗೂ ಎಲೆ ಹಾಕಿ ಬಡಿಸಿದ್ಳು."

ಉಂಡಿರಾ ಎಂದು ಕೇಳಲಿಲ್ಲ. ಉಳಿದ ನೀರು ಹೊಯ್ದೆ.

17-3-74, ಭಾನುವಾರ

ಬೆಳಗ್ಗೆ ಬಾವಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದೆ. ಒಳಗಿನಿಂದ ಕರೆದರು, "ಸುನಂದಾ." ಏನೋ ಬೇಕಾಗಿತ್ತು, ಟವೆಲ್ಲೋ ಏನೋ. ಸ್ಪಷ್ಟವಾಗಿ ಕೇಳಿಸಿತು. ಓಗೊಡಲಿಲ್ಲ. ಯಾಕೆ ಅಂದರೆ ಗೊತ್ತಿಲ್ಲ. ಹಿತ್ತಲ ಗೋಡೆಯ ಮರೆಗೆ ಸರಿದು ನಿಂತೆ. ಮತ್ತೆ ಕರೆದರು. ಮೂರನೇ ಸಲಕ್ಕೆ ದನಿ ಬದಲಾಯಿತು, ಓಡಿ ಬರುವ ಸದ್ದು, ಮೆಟ್ಟಿಲಲ್ಲಿ ಎಡವಿದರು—

"ಇಲ್ಲೇ ಇದೀನಿ" ಅಂದೆ. ನನ್ನ ತೋಳು ಹಿಡಿದುಕೊಂಡು ಹಾಗೇ ನಿಂತರು. ಮುಖ ಬೂದಿ. ಕ್ಷಮಿಸಿ ಅನ್ನಬೇಕಿತ್ತು. ಅನ್ನಲಿಲ್ಲ.

ಓಗೊಡುವ ಮುಂಚೆ, ಮರೆಯಲ್ಲಿ ನಿಂತಿದ್ದೆನಲ್ಲ... ಅಷ್ಟು ಹೊತ್ತು ನಾನು ಯಾರ ಹೆಂಡತಿಯೂ ಅಲ್ಲ, ಯಾರ ಜಾಗದಲ್ಲೂ ಇಲ್ಲ. ಮೈ ಎಷ್ಟು ಹಗುರವಾಗಿತ್ತೆಂದರೆ—