ನನ್ನ ಗಾಡಿಯ ಹಿಂದೊಂದು ಗಾಡಿ

ಟಾಲೋ ಕೌಂಟಿ, ಜಾರ್ಜಿಯಾ
ಅಕ್ಟೋಬರ್ ೧೬, ಗುರುವಾರ

ನನ್ನ ಮುದ್ದು ಹಸಿಂತೊ,

ಮೊದಲು ನಿನ್ನ ಬೆನ್ನಿನ ಸಮಾಚಾರ ಬರೆ. ಪೆನ್ಸಿಲ್ವೇನಿಯಾದ ಸೇಬಿನ ಮರಗಳು ಬಲು ಎತ್ತರವಂತೆ. ಏಣಿಯ ಕೊನೆಯ ಮೆಟ್ಟಿಲು ಹತ್ತಬೇಡ, ಅಲ್ಲಿಂದ ಮೇಲಿನವು ಹಕ್ಕಿಗಳ ಪಾಲು. ಚಳಿಗೆ ಉಣ್ಣೆಯ ಅಂಗಿ ಹಾಕುತ್ತೀಯೋ, ಇಲ್ಲ ಗಂಡಸುತನ ತೋರಿಸಿಕೊಂಡು ನಡುಗುತ್ತೀಯೋ? ನಾನು ಚೆನ್ನಾಗಿದ್ದೇನೆ. ಸಕ್ಕರೆ ಕಾಯಿಲೆ ತನ್ನ ಪಾಡಿಗೆ ಏರುತ್ತದೆ, ಡಾಕ್ಟರು ತಮ್ಮ ಪಾಡಿಗೆ ಬೈಯುತ್ತಾರೆ, ನಾನು ನನ್ನ ಪಾಡಿಗೆ ಸಿಹಿ ಬ್ರೆಡ್ ತಿನ್ನುತ್ತೇನೆ. ಮೂವರಲ್ಲೂ ಒಳ್ಳೆಯ ಹೊಂದಾಣಿಕೆಯಿದೆ. ನಿನ್ನ ಹೆಂಡತಿ ಬೆನಿತಾಳನ್ನು ಕೋಳಿ ಕಾರ್ಖಾನೆಯಲ್ಲಿ ರೆಕ್ಕೆ ವಿಭಾಗದಿಂದ ತೊಡೆ ವಿಭಾಗಕ್ಕೆ ಏರಿಸಿದ್ದಾರೆ. ಸಂಬಳ ಮೊದಲಿನಷ್ಟೇ, ಚಾಕು ಮಾತ್ರ ದೊಡ್ಡದು. ಹಾಗಾಗಿ ಸೊಸೆಯ ಜೊತೆ ವಾದಕ್ಕಿಳಿಯುವುದನ್ನು ನಾನು ಕಡಿಮೆ ಮಾಡಿದ್ದೇನೆ. ನಿನ್ನ ಮಗಳು ಇಟ್ಸೆಲ್ ದಿನಕ್ಕೊಂದು ಸಲ ತನಗೆ ಹದಿನೈದು ತುಂಬುವ ಹಬ್ಬದ ಗೌನು ತೊಟ್ಟು ಕನ್ನಡಿಯ ಮುಂದೆ ನಿಲ್ಲುತ್ತಾಳೆ. ಆಕಾಶದ ಬಣ್ಣ, ಬಾಗಿಲಲ್ಲಿ ಹಿಡಿಸದಷ್ಟು ಅಗಲ.

ಇನ್ನು ಭಯಂಕರ ಸುದ್ದಿ. ಗಟ್ಟಿಯಾಗಿ ಕೂತುಕೋ. ನಮ್ಮ ಬೀದಿಯ ಬಾಯಲ್ಲಿದ್ದ ಹೊಂಡವನ್ನು ಕೌಂಟಿಯವರು ಮುಚ್ಚಿದ್ದಾರೆ. ನಾವು ವರ್ಷಾನುಗಟ್ಟಲೆ ಅರ್ಜಿ ಕೊಟ್ಟಾಗ ಮುಚ್ಚದವರು ಈಗ ಯಾರೂ ಕೇಳದೆ ಮುಚ್ಚಿದರೆ ಬೀದಿಯವರ ಎದೆ ಧಸಕ್ಕೆನ್ನದೆ ಇರುತ್ತದೆಯೇ? ಆ ಹೊಂಡದ ಮಹಿಮೆ ನಿನಗೇ ಗೊತ್ತು. ಅದನ್ನು ತಪ್ಪಿಸಲು ಗಾಡಿ ತಿರುಗಿಸಬೇಕು, ತಿರುಗಿಸಿದರೆ ಹಳದಿ ಗೆರೆ ದಾಟುತ್ತದೆ, ದಾಟಿದರೆ ಮರದಡಿ ಕಾದಿರುವ ಶೆರೀಫನ ಪೊಲೀಸ್ ಗಾಡಿಯ ದೀಪ ಹೊತ್ತಿಕೊಳ್ಳುತ್ತದೆ. ನೀನು ಲೈಸೆನ್ಸಿಲ್ಲದೆ ಸಿಕ್ಕಿಬಿದ್ದದ್ದೂ ಅಲ್ಲೇ. ಆಮೇಲೆ ಹೆದರಿ ಕೋರ್ಟಿಗೂ ಹೋಗದೆ ಕೂತೆ. ಆ ಕಾಲದಲ್ಲಿ ಅದು ಬರೀ ದಂಡದ ಮಾತಾಗಿತ್ತು. ಈ ವಸಂತದಲ್ಲಿ ಶೆರೀಫ್ ಸಾಹೇಬರು ಕೇಂದ್ರದ ವಲಸೆ ಇಲಾಖೆಯವರ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ, ಕೌಂಟಿ ಜೈಲಿನ ಹೊಸ್ತಿಲು ದಾಟಿದವರ ಹುಟ್ಟೂರನ್ನು ನಮ್ಮೂರ ಹುಡುಗರೇ ವಿಚಾರಿಸುತ್ತಾರೆ, ನಮ್ಮೂರ ಹುಡುಗರೇ ಹಿಡಿದಿಟ್ಟು ಒಪ್ಪಿಸುತ್ತಾರೆ. ಸಹಿ ಹಾಕುವ ಮೊದಲು ಲೈಬ್ರರಿಯಲ್ಲಿ ಸಭೆ ಕರೆದು, ಡೋನಟ್ ಹಂಚಿ, "ನಾವು ಹುಡುಕೋದು ದೊಡ್ಡ ಅಪರಾಧಿಗಳನ್ನ ಮಾತ್ರ, ನೀವು ಆರಾಮಾಗಿರಿ" ಎಂದು ಸಾಹೇಬರು ಎದೆ ಮುಟ್ಟಿಕೊಂಡು ಹೇಳಿದರು. ನಾನು ಎರಡು ಡೋನಟ್ ತಿಂದು ನಂಬಿದೆ. ಮೊದಲು ಸಿಕ್ಕಿದ ದೊಡ್ಡ ಅಪರಾಧಿ ಯಾರು ಗೊತ್ತೇ? ಚರ್ಚಿನಲ್ಲಿ ಗಿಟಾರ್ ಬಾರಿಸುವ ತಿಮೊತೆಯೊ. ಅವನ ಗಾಡಿಯ ಹಿಂದಿನ ಒಂದು ದೀಪ ಉರಿಯುತ್ತಿರಲಿಲ್ಲ. ಈಗ ತಿಮೊತೆಯೊ ಮೆಕ್ಸಿಕೋದ ಚಿಯಾಪಾಸ್‌ನಲ್ಲಿದ್ದಾನೆ, ದೀಪ ಇಲ್ಲೇ ಇದೆ.

ಅಂದಿನಿಂದ ಬೀದಿಯ ಗಾಡಿಗಳೆಲ್ಲ ಹಿತ್ತಿಲಲ್ಲಿ ನಿಂತು ಕೋಳಿಗಳಿಗೆ ಮನೆಯಾಗಿವೆ. ಬೀದಿಗೆಲ್ಲ ಲೈಸೆನ್ಸೂ ಪೌರತ್ವವೂ ಒಟ್ಟಿಗಿರುವ ಏಕೈಕ ಮಹಾನುಭಾವಳು ನಾನು. ಆದ್ದರಿಂದ ಬೆಳಗಿನ ಪಾಳಿಯವರನ್ನು ಕಾರ್ಖಾನೆಗೆ ಮುಟ್ಟಿಸುವ ಸಾರಥ್ಯ ಈ ಮುದುಕಿಯ ಹೆಗಲೇರಿದೆ. ನಾನು ನಾಜೂಕಾಗಿ ಓಡಿಸುತ್ತೇನೆ. ಅಳಿಲು ಅಡ್ಡ ಬಂದರೆ ನಿಲ್ಲಿಸುತ್ತೇನೆ, ಬರಬಹುದು ಅನ್ನಿಸಿದರೂ ನಿಲ್ಲಿಸುತ್ತೇನೆ. ಕೃತಜ್ಞತೆ ಎಲ್ಲಿದೆ ಹೇಳು? ಪಕ್ಕದ ಮನೆಯ ಫಿಲೆಮೋನ್ ಎರಡೂ ಕೈಯಲ್ಲಿ ಬಾಗಿಲು ಹಿಡಿದು, "ಅಜ್ಜೀ, ಪೊಲೀಸ್ರು ಹಿಡಿದ್ರೆ ಮೆಕ್ಸಿಕೋಗೆ ಕಳಿಸ್ತಾರೆ, ನೀವು ಎಲ್ಲಿಗೆ ಕಳಿಸ್ತಿದೀರಿ?" ಅನ್ನುತ್ತಾನೆ. ನಿನ್ನ ಹೆಂಡತಿಯಂತೂ ಕಣ್ಣು ಮುಚ್ಚಿ ಜಪಮಾಲೆ ತಿರುಗಿಸುತ್ತಾಳೆ. "ಯಾಕಮ್ಮಾ, ಅಷ್ಟು ಭಕ್ತಿ?" ಅಂದರೆ, "ಬ್ರೇಕ್ ಮೇಲೆ ಕಾಲಿಡಿ ಅತ್ತೇ, ಆಮೇಲೆ ಮಾತಾಡಿ" ಅನ್ನುವುದೇ ಉತ್ತರ.

ಸಾಲದ್ದಕ್ಕೆ ಒಂದು ತಿಂಗಳಿಂದ ನನ್ನ ಗಾಡಿಯ ಹಿಂದೆ ಶೆರೀಫನ ಗಾಡಿಯೊಂದು ಬರುತ್ತಿದೆ. ನಿಲ್ಲಿಸುವುದಿಲ್ಲ, ದೀಪ ಹಾಕುವುದಿಲ್ಲ, ಸುಮ್ಮನೆ ಬರುತ್ತದೆ. ನಾನು ನಿಂತರೆ ನಿಲ್ಲುತ್ತದೆ. ಪರೀಕ್ಷೆ ಮಾಡೋಣವೆಂದು ಕೋರ್ಟಿನ ಕಟ್ಟಡಕ್ಕೆ ಪ್ರದಕ್ಷಿಣೆ ಹಾಕಿದೆ, ಅದೂ ಹಾಕಿತು. ಹಿಂದಿನ ಸೀಟಿನವರು ತಲೆ ಬಗ್ಗಿಸಿ ಬಗ್ಗಿಸಿ ಈಗ ಯಾರ ಮುಖವೂ ನನಗೆ ಕನ್ನಡಿಯಲ್ಲಿ ಕಾಣುವುದಿಲ್ಲ. ಓಡಿಸುವವನು ಯಾರೆಂದುಕೊಂಡೆ? ವೇಡ್. ಕಾರ್ಖಾನೆಯಲ್ಲಿ ನನ್ನ ಪಕ್ಕ ನಿಂತು ಕೋಳಿ ಕತ್ತರಿಸುತ್ತಿದ್ದ ಲೊರೀನಳ ಮಗ. ಶಾಲೆ ಬಿಟ್ಟು ಬಂದವನು ಅವಳ ಪಾಳಿ ಮುಗಿಯುವವರೆಗೂ ನಮ್ಮ ಅಡುಗೆಮನೆಯಲ್ಲೇ ಕೂತಿರುತ್ತಿದ್ದ. ನೀನೇ ಅವನಿಗೆ ಸೈಕಲ್ ಕಲಿಸಿದೆ. ಅವನ ಬಾಯಲ್ಲಿರುವ ಸ್ಪ್ಯಾನಿಷ್ ಅಷ್ಟೂ ನನ್ನದೇ, ಬೈಗುಳದ ಸಮೇತ.

ಕಡೆಗೆ ಹೋದ ವಾರ ನಡುರಸ್ತೆಯಲ್ಲೇ ಗಾಡಿ ನಿಲ್ಲಿಸಿ, ತಮಾಲೆ ಕಡುಬಿನ ಡಬ್ಬ ಹಿಡಿದು ಅವನ ಕಿಟಕಿಗೆ ಹೋದೆ. "ಏನೋ ದರಿದ್ರದವನೇ, ಮುದುಕಿಯ ಬಾಲ ಯಾಕೆ ಹಿಡ್ಕೊಂಡಿದೀಯ?" ಅಂದೆ. ಅವನು ಡಬ್ಬವನ್ನೇ ನೋಡುತ್ತಾ ಏನಂದ ಗೊತ್ತೇ? "ಅಜ್ಜೀ, ನೀವು ಓಡಿಸೋದು ನೋಡಿದ್ರೆ ಶೆರೀಫನ ಯಾವ ಡೆಪ್ಯುಟಿಯಾದ್ರೂ ನಿಲ್ಲಿಸ್ತಾನೆ. ನಿಲ್ಲಿಸಿದ್ರೆ ಒಳಗೆ ಇರೋರನ್ನ ನೋಡ್ತಾನೆ. ಹಿಂದೆ ನಾನಿದ್ರೆ ಬೇರೆಯವ್ರು ಬರಲ್ಲ. ಆ ಹೊಂಡಾನೂ ನಾನೇ ಹೇಳಿ ಮುಚ್ಚಿಸಿದ್ದು." ನನ್ನ ಕಣ್ಣಲ್ಲಿ ನೀರು ಬಂತು. ನನ್ನ ಡ್ರೈವಿಂಗಿಗೆ ಅವಮಾನ ಮಾಡಿದ್ದನ್ನೂ ಕ್ಷಮಿಸಿ ಇನ್ನೆರಡು ತಮಾಲೆ ಕೊಟ್ಟೆ. ಜೋಳದ ಸಿಪ್ಪೆ ಬಿಡಿಸುತ್ತಾ, ತಲೆ ಎತ್ತದೆ ಕೇಳಿದ: "ಇಟ್ಸೆಲ್ ಹಬ್ಬಕ್ಕೆ ಹಸಿಂತೊ ಅಣ್ಣ ಬರ್ತಾರಲ್ವಾ? ಯಾವ ದಿನ, ಯಾವ ಕಡೆಯಿಂದ? ಅವರ ಹಿಂದೇನೂ ನಾನೇ ಬರ್ತೀನಿ." ಕೊಟ್ಟ ತಮಾಲೆಯನ್ನು ವಾಪಸು ಕೇಳುವುದು ಮರ್ಯಾದೆಯಲ್ಲ, ಅದಕ್ಕೇ ಬಿಟ್ಟೆ.

ಅಂದಿನಿಂದ ನಿದ್ದೆಯಿಲ್ಲ ಮಗನೇ. ಕೋರ್ಟಿಗೆ ಹೋಗದ ನಿನ್ನ ಹೆಸರು ಅವರ ಕಂಪ್ಯೂಟರಿನಲ್ಲಿ ಕೂತಿದೆ. ಒಮ್ಮೆ ಅವರ ಕೈಗೆ ಸಿಕ್ಕರೆ ತಿಮೊತೆಯೊನ ದಾರಿಯೇ ನಿನ್ನದೂ. ಅತ್ತ ಹಬ್ಬದ ದಿನ ಮಗಳ ಚಪ್ಪಟೆ ಚಪ್ಪಲಿ ಬಿಚ್ಚಿ ಮೊದಲ ಎತ್ತರದ ಹಿಮ್ಮಡಿ ಚಪ್ಪಲಿ ತೊಡಿಸುವವನು, ಮೊದಲ ಹೆಜ್ಜೆ ಕುಣಿಯುವವನು ಅಪ್ಪನಲ್ಲದೆ ಇನ್ಯಾರು? ಫಿಲೆಮೋನ್ ತಾನೇ ತೊಡಿಸುತ್ತೇನೆಂದು ಮುಂದೆ ಬಂದ. ಇಟ್ಸೆಲ್ ಅವನನ್ನು ನೋಡಿದ ನೋಟಕ್ಕೆ ಎರಡು ಹೆಜ್ಜೆ ಹಿಂದೆ ಹೋದ. ಅವಳು ನನ್ನ ಹತ್ತಿರ ಹೇಳಿದ್ದು ಇಷ್ಟೇ: "ಅಜ್ಜೀ, ಅಪ್ಪ ಬರದಿದ್ರೆ ನಾನು ಹಳೇ ಚಪ್ಪಲೀಲೇ ಇರ್ತೀನಿ."

ಅದಕ್ಕೇ ನಾನೊಂದು ಸುಳ್ಳು ಹೇಳಿದ್ದೇನೆ, ಮೇರಿಮಾತೆ ಕ್ಷಮಿಸಲಿ. ನೀನು ಈ ಶನಿವಾರ ಸಂಜೆಯ ಬಸ್ಸಿನಲ್ಲಿ ಬಂದಿಳಿಯುತ್ತೀಯೆಂದು ವೇಡ್‌ನ ಕಿವಿಯಲ್ಲಿ ಹಾಕಿದ್ದೇನೆ. ಬಟ್ಟೆ ಒಗೆಯುವ ಅಂಗಡಿ ಬಸ್ ನಿಲ್ದಾಣದ ಎದುರಿಗೇ ಇದೆ. ಅಲ್ಲಿ ಒಗೆದ ಬಟ್ಟೆಯನ್ನೇ ಇನ್ನೊಮ್ಮೆ ಒಗೆಯುತ್ತಾ ಕೂತಿರುತ್ತೇನೆ. ಅವನೊಬ್ಬನೇ ಬಂದರೆ ನೀನು ಹಬ್ಬಕ್ಕೆ ಬಾ, ಜೊತೆಗೆ ಯಾರನ್ನಾದರೂ ತಂದರೆ ಬೇಡ. ನನ್ನ ಮುಂದಿನ ಕಾಗದ ಬರುವವರೆಗೆ ಟಿಕೆಟು ತೆಗೆಯಬೇಡ, ಯಾರ ಮುಂದೆಯೂ ಬಾಯಿ ಬಿಡಬೇಡ. ಫೋನಿನಲ್ಲಿ ಈ ಮಾತೆತ್ತಬೇಡ. ಫೋನು ನಮ್ಮ ಜೊತೆ ಮಾತಾಡುವುದು ಬಿಟ್ಟು ಇನ್ಯಾರ ಜೊತೆ ಏನು ಮಾತಾಡುತ್ತದೋ ದೇವರಿಗೇ ಗೊತ್ತು.

ನಿನ್ನ ಜೊತೆ ಕೆಲಸ ಮಾಡುವವರಿಗೆಲ್ಲ ನನ್ನ ನೆನಪು ಹೇಳು. ಹೊಟ್ಟೆ ತುಂಬ ಊಟ ಮಾಡು. ಹಣೆಯ ಮೇಲೆ ಶಿಲುಬೆ ಬರೆದು ಆಶೀರ್ವದಿಸುತ್ತೇನೆ, ಇಲ್ಲಿಂದಲೇ. ನೀನು ಸ್ವಲ್ಪ ತಲೆ ಬಗ್ಗಿಸು.

ನಿನ್ನನ್ನು ಹೆತ್ತು ಬೈಯುವ ಹಕ್ಕು ಗಳಿಸಿದ,
ಕ್ರೆಸೆನ್ಸಿಯಾ

ಮರೆತ ಮಾತು, ಭಾನುವಾರ: ನಿನ್ನ ಹೆಂಡತಿ ಅಂಚೆಚೀಟಿ ತರಲು ಮರೆತಳು, ಅವಳ ಮರೆವಿಗೆ ನೂರು ವರ್ಷ ಆಯುಷ್ಯವಾಗಲಿ. ನಿನ್ನೆ ಸಂಜೆ ವೇಡ್ ಮಾಮೂಲಿ ಬಟ್ಟೆಯಲ್ಲಿ, ತನ್ನ ಸ್ವಂತ ಗಾಡಿಯಲ್ಲಿ, ಒಬ್ಬನೇ ಬಂದ. ನಾನು ಖುಷಿಯಿಂದ ಅರ್ಧ ಎದ್ದು ನಿಂತಿದ್ದೆ. ಅಷ್ಟರಲ್ಲಿ ಹೆಸರಿಲ್ಲದ ಬೂದು ಬಣ್ಣದ ವ್ಯಾನೊಂದು ಬಂದು ನಿಂತಿತು. ವೇಡ್ ಅದರ ಕಿಟಕಿಗೆ ಬಾಗಿ ಏನೋ ಹೇಳಿದ. ಬಸ್ಸು ಬಂತು, ನೀನು ಇಳಿಯಲಿಲ್ಲ, ವ್ಯಾನು ಹೋಯಿತು. ಆ ವಲಸೆ ಇಲಾಖೆಯವರನ್ನು ಕರೆದವನು ಅವನೋ, ಅಥವಾ "ಅವನು ಬರಲ್ಲ, ಹೋಗಿ" ಎಂದು ಕಳಿಸಿದವನು ಅವನೋ? ಎರಡು ಗಾಡಿಯ ಜಾಗದಲ್ಲಿ ಅಡ್ಡಡ್ಡ ನಿಂತ ನನ್ನ ಗಾಡಿಯನ್ನು ಅವನು ನೋಡಿದ. ಕೈ ಬೀಸಲಿಲ್ಲ. ಅವನು ಒಳ್ಳೆಯವನೇ ಆಗಿದ್ದರೆ ನಾನು ಉಣ್ಣಿಸಿ ಬೆಳೆಸಿದ ಹುಡುಗನಿಗೆ ಅನ್ಯಾಯ ಮಾಡಿದಂತಾಯಿತು; ಅದನ್ನು ಹೇಗೋ ಹೊರುತ್ತೇನೆ. ಇನ್ನೊಂದನ್ನು ಹೊರಲಾರೆ. ನೀನು ಬರಬೇಡ. ನಾವೇ ಬರುತ್ತೇವೆ, ಬೆನಿತಾ, ಇಟ್ಸೆಲ್, ಗೌನು, ನಾನು. ಹೌದು, ಓಡಿಸುವವಳು ನಾನೇ, ಹೆದ್ದಾರಿಯಲ್ಲೇ. ಬೆನಿತಾ ಈಗಲೇ ಜಪಮಾಲೆ ಹಿಡಿದಿದ್ದಾಳೆ. ಬೇಕಿದ್ದರೆ ವೇಡ್ ಕೌಂಟಿಯ ಗಡಿಯವರೆಗೆ ಹಿಂದೆ ಬರಲಿ. ಹಿಮ್ಮಡಿ ಚಪ್ಪಲಿಯ ಡಬ್ಬ ನನ್ನ ಸೀಟಿನ ಕೆಳಗಿದೆ. ತೋಟದಲ್ಲಿ ಮಣ್ಣು ಗಟ್ಟಿಯಿರುವ ಒಂದು ಜಾಗ ನೋಡಿಡು.