ಕುರ್ಚಿ ಬಿಟ್ಟು ಏಳುವ ಮುನ್ನ

ಪ್ರೀತಿಯ ಅಣ್ಣನಿಗೆ,

ಹೇಳದೇ ಇದ್ದುಬಿಡೋಣ ಎಂದುಕೊಂಡಿದ್ದೆ. ನಿನ್ನ ಠಾಣೆಯಲ್ಲಿ ಏಟು ತಿಂದ ಬಡಗಿಯ ಪರವಾಗಿ ಕೊಟ್ಟ ದೂರು ನಾನಿರುವ ಸಮಿತಿಗೇ ಬಂದಿದೆ.

ಪೊಲೀಸರ ಮೇಲಿನ ದೂರು ಕೇಳಲು ಹೊರಗಿನವರೊಬ್ಬರು ಬೇಕೆಂದು, ಕಂಪನಿಯಲ್ಲಿ ನಿಯಮಪಾಲನೆ ನೋಡಿಕೊಳ್ಳುವ ನನ್ನನ್ನು ಕರೆದಾಗ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ನಕ್ಕವನು ನೀನು. 'ಏನಮ್ಮಾ ರೂಲ್ಸಮ್ಮಾ, ಕಂಪನಿಯ ನೀತಿಪಾಠ ನಮಗೂ ಶುರುನಾ? ನಿಮ್ಮಲ್ಲಿ ತಪ್ಪಾದ್ರೆ ಷೇರು ಬೀಳುತ್ತೆ, ನಮ್ಮಲ್ಲಿ ಹೆಣ ಬೀಳುತ್ತೆ ಕಣೇ' ಅಂದೆ. ಈಗ ನಾನು ಕೇಳುತ್ತೇನೆ. ಅದಕ್ಕೇ ಅಲ್ಲವೇ ಅಣ್ಣ, ನಿಯಮ ನಿಮಗೇ ಹೆಚ್ಚು ಬೇಕಾಗಿರುವುದು?

ಕಂಪನಿಯಲ್ಲಿ ನಮ್ಮದೊಂದು ಪದ್ಧತಿ ಇದೆ. ತನ್ನವರ ವಿಷಯ ಬಂದರೆ ಸಂಬಂಧ ಹೇಳಿ, ಕುರ್ಚಿ ಬಿಟ್ಟು ಹೊರಗೆ ಹೋಗಬೇಕು. ಎಷ್ಟೋ ದೊಡ್ಡವರಿಗೆ ನಾನೇ ಬಾಗಿಲು ತೋರಿಸಿದ್ದೇನೆ. ಈಗ ನನ್ನ ಸರದಿ. ನಾನು ನಿನ್ನ ತಂಗಿ ಎಂದು ಅಲ್ಲಿ ಯಾರಿಗೂ ಗೊತ್ತಿಲ್ಲ, ಸುಮ್ಮನೆ ಕೂತಿರಬಹುದು. ಎದ್ದು ಹೋದರೆ ಕೈ ತೊಳೆದುಕೊಂಡಂತೆ. ಉಳಿದ ಇಬ್ಬರೂ ನಿನ್ನ ಇಲಾಖೆಯಿಂದಲೇ ನಿವೃತ್ತರಾದವರು. ಆ ದಿನ ಠಾಣೆಯ ಕ್ಯಾಮೆರಾ ಕೆಟ್ಟಿತ್ತು ಎಂದು ನೀನು ಬರೆದುಕೊಟ್ಟಿದ್ದಕ್ಕೆ ತಲೆಯಾಡಿಸಿ ಮುಗಿಸುತ್ತಾರೆ.

ಕೆಟ್ಟಿರಲಿಲ್ಲ. ನಿಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ನೀನೇ ಹೇಳಿದೆ: 'ಆ ಬಡಗೀನ ಹಿಡಿದ ದಿನ ಕ್ಯಾಮೆರಾಗೂ ಸ್ವಲ್ಪ ರೆಸ್ಟ್ ಕೊಟ್ವಿ.' ಅತ್ತಿಗೆಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. 'ತಮಾಷೆ ಕಣೇ' ಎಂದು ನೀನು ತಟ್ಟೆ ಮುಂದೆ ಚಾಚಿದೆ. ಆ ಬಡಗಿಯ ಬಲಗೈ ಬೆರಳುಗಳು ಈಗ ಬಾಗುವುದಿಲ್ಲ, ಅಣ್ಣ. ಉಳಿ ಹಿಡಿಯಲಾರ.

ಆದ್ದರಿಂದ ಕುರ್ಚಿ ಬಿಟ್ಟು ಹೊರಗೆ ಹೋಗುತ್ತೇನೆ, ಸಾಕ್ಷಿಯಾಗಿ ಮತ್ತೆ ಒಳಗೆ ಬರುತ್ತೇನೆ.

ಇದು ನ್ಯಾಯವೋ, ಒಳ್ಳೆಯವಳು ಎನಿಸಿಕೊಳ್ಳುವ ಚಪಲವೋ? ಕೂತಲ್ಲಿ ಕೂರಲಾಗದೆ ಮನೆಯೆಲ್ಲ ಸುತ್ತುತ್ತೇನೆ, ಬಗೆಹರಿಯುವುದಿಲ್ಲ. ನಿನ್ನ ಕೆಲಸ ಹೋದರೆ ಅತ್ತಿಗೆಗೆ ಹೇಗೆ ಮುಖ ತೋರಿಸಲಿ? ಕಾಲೇಜಿನಿಂದ ತಡವಾದರೆ ನೀನು ಬಸ್ ನಿಲ್ದಾಣದಲ್ಲಿ ಸಮವಸ್ತ್ರದಲ್ಲೇ ಕಾಯುತ್ತಿದ್ದೆ. ದೂರದಿಂದ ಅದು ಕಂಡರೆ ಸಾಕು, ಭಯ ಇಳಿದು ನನ್ನ ನಡಿಗೆ ನಿಧಾನವಾಗುತ್ತಿತ್ತು. ದೂರು ಕೊಟ್ಟವಳು ಬಡಗಿಯ ತಂಗಿ. ಅದೇ ಸಮವಸ್ತ್ರ ಕಂಡರೆ ಅವಳು ರಸ್ತೆ ದಾಟಿಬಿಡುತ್ತಾಳಂತೆ.

ಮೊದಲೇ ತಿಳಿಸಿಬಿಡಲೇ ಎಂದು ಫೋನ್ ಎತ್ತಿ ಎತ್ತಿ ಇಟ್ಟೆ. ತಿಳಿಸಿದರೆ ನೀನು ಮಾತು ಹೊಂದಿಸಿಕೊಳ್ಳುತ್ತೀಯ. ಅದಕ್ಕೆ ನಾನು ದಾರಿ ಮಾಡಿಕೊಡಬಾರದು. ಬೈದುಕೋ, ಬಾಗಿಲು ಹಾಕಿಕೋ. ಆದರೆ ನಿನ್ನನ್ನು ಕೇಳಿದಾಗ ನಿಜ ಹೇಳಿಬಿಡು.

ಎಲ್ಲಿದ್ದರೂ ನಿನಗೆ ಒಳ್ಳೆಯದಾಗಲಿ.

ನಿನ್ನ ತಂಗಿ

ಅಂಚೆಗೆ ಹಾಕುವುದು: ಮಾರ್ಚ್ ಹದಿನಾಲ್ಕು, ನನ್ನ ಹೇಳಿಕೆ ಮುಗಿದ ಮೇಲೆ.