ಸುಂಕಸಾಳದಲ್ಲಿ ನಿಲ್ಲದ ಲೈನು

ಹಾಸ್ಟೆಲ್, ಹುಬ್ಬಳ್ಳಿ
೧೧ ಮೇ ೨೦೨೫

ಪ್ರೀತಿಯ ಯಶೋದಕ್ಕ,

ಬರೆದದ್ದಕ್ಕೇ ಮೊದಲು ಕ್ಷಮೆ ಕೇಳ್ತೇನೆ. ನನ್ನ ಅಕ್ಷರ ಕಂಡರೆ ಕವರ್ ಒಡೆಯದೇ ಬಿಸಾಡ್ತೀಯೋ ಅಂತ ಹೆದರಿ, ವಿಳಾಸವನ್ನು ರೂಮ್‌ಮೇಟ್ ಮಾನಸಾ ಕೈಯಲ್ಲಿ ಬರೆಸಿದ್ದೇನೆ. ಜನವರಿಯಿಂದ ನೀನು ನನ್ನ ಫೋನ್ ಎತ್ತಿಲ್ಲ. ವಾಟ್ಸಾಪ್‌ನಲ್ಲಿ ನಿನ್ನ ಫೋಟೋನೂ ಕಾಣೋದಿಲ್ಲ. ಒಮ್ಮೆ ಜಗದೀಶ ಭಾವ ಎತ್ತಿ, "ನಿಮ್ಮಕ್ಕ ಮೀನು ತರೂಕೆ ಹೋಗಿದಾಳೆ" ಅಂದರು. ಹಿಂದಿನಿಂದ ನೀನು ಮಗನಿಗೆ ಬೈತಾ ಇದ್ದದ್ದು ಕೇಳಿಸ್ತು. ಫೋನ್ ಇಡಲೇ ಇಲ್ಲ ನಾನು, ಸ್ವಲ್ಪ ಹೊತ್ತು ನಿನ್ನ ಬೈಗುಳ ಕೇಳ್ತಾ ಕೂತೆ.

ಕೋಡಿಬಾಗದ ನಿಮ್ಮ ಮನೆಯಲ್ಲಿ ಎಲ್ಲ ಆರಾಮ ಅಲ್ವಾ? ನನ್ನದು ಎಲೆಕ್ಟ್ರಿಕಲ್ ಸೆಕೆಂಡ್ ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂತು. ಊಟ ಸೇರೋದಿಲ್ಲ, ನಿದ್ದೆ ಅಷ್ಟಕ್ಕಷ್ಟೇ. ಐದನೇ ಕ್ಲಾಸಿನಿಂದ ಹಾಸ್ಟೆಲ್‌ನಲ್ಲೇ ಬೆಳೆದವಳು, ಆದರೂ ಇನ್ನೂ ಹೆದರಿಕೆ. ಕನ್ನಡದಲ್ಲಿ ಇಷ್ಟುದ್ದ ಬರೆಯದೇ ವರ್ಷಗಳಾದವು, ತಪ್ಪಿದ್ದರೆ ನಗಬೇಡ.

ಅಕ್ಕ, ಮರ ಕಡಿದ ದಿನದ ಮಾತು ಎತ್ತಬಾರದು ಅಂದುಕೊಂಡಿದ್ದೆ. ಆದರೆ ಎತ್ತದೇ ಮುಂದಿನದು ಹೇಳಲಿಕ್ಕೆ ಬರೋದಿಲ್ಲ. ಆ ಕರಿ ಇಶಾಡು ನಮಗೆ ಬರೀ ಮಾವಿನ ಮರ ಅಲ್ಲ ಅಂತ ನೀನು ಕಿರುಚಿದ್ದು ಸರಿಯೇ. ನೌಕಾನೆಲೆಗೆ ಜಾಗ ಹೋಗಿ ಅಮದಳ್ಳಿ ಕಡೆಯ ತವರು ಬಿಡುವಾಗ ನಮ್ಮನ್ನು ಹೆತ್ತ ಆಯಿ ಒದ್ದೆ ಸೀರೆ ತುಂಡಿನಲ್ಲಿ ಬೇರು ಸುತ್ತಿ ತಂದ ಸಸಿ ಅದು. ಅವಳ ಊರಿನದು ಅಂತ ಉಳಿದದ್ದು ಅದೊಂದೇ. ದೊಡ್ಡ ಕರೆಂಟ್ ಲೈನಿನ ತಂತಿಯ ಕೆಳಗೆ ಎತ್ತರದ ಮರ ಇರಬಾರದು ಅಂತ ಕಂಪನಿಯವರು ಬಂದಾಗ ಪಕ್ಕದ ಮನೆಯ ಮಾಬ್ಲೇಶ್ವರಣ್ಣ ವಕೀಲರನ್ನು ಹಿಡಿದ, ಬೇರೆಯವರು ಪರಿಹಾರಕ್ಕೆ ಜಗ್ಗಾಡಿದರು. ಅಪ್ಪ ಮಾತ್ರ ಕೇಳಿದ ದಿನವೇ ಹೂಂ ಅಂದುಬಿಟ್ಟ. ಮರ ತುಂಬ ಹೂ ಬಿಟ್ಟಿತ್ತು. ನೀನು ಬಸ್ಸಿಳಿದು ಓಡಿ ಬರುವಷ್ಟರಲ್ಲಿ ಗರಗಸ ಅರ್ಧ ಹೋಗಿತ್ತು.

"ಆಯಿನ ಮಾರ್ಕೊಂಡ್ಯಲ್ಲೋ ಅಪ್ಪ!" ಅಂದೆ ನೀನು. ಅಪ್ಪ ತಲೆಗೆ ಸುತ್ತಿದ ಪಂಜಿ ಬಿಚ್ಚಿ ಮತ್ತೆ ಸುತ್ತಿಕೊಂಡ, ಅಷ್ಟೇ. ನೀನು ಒಂದು ಲೋಟ ನೀರೂ ಕುಡಿಯದೇ ಹೋದೆ.

ಈಗ ನಮ್ಮ ಸುಂಕಸಾಳದ ಸುದ್ದಿ. ಹೊನ್ನಜ್ಜಿಗೆ ಉಬ್ಬಸ ಜೋರಾಗಿದೆ. ಅಂಕೋಲೆಯ ಡಾಕ್ಟರು ದಿನಾ ಆಕ್ಸಿಜನ್ ಬೇಕು ಅಂದಿದ್ದಾರೆ. ಆಯಿಗೆ ತಂದ, ಕರೆಂಟಿನಲ್ಲಿ ನಡೆಯುವ ಆಕ್ಸಿಜನ್ ಮೆಷಿನನ್ನೇ ಅಪ್ಪ ಅಟ್ಟದಿಂದ ಇಳಿಸಿ, ಒರೆಸಿ, ಅಜ್ಜಿಯ ಮಂಚದ ಹತ್ತಿರ ಇಟ್ಟಿದ್ದಾನೆ. ಏಪ್ರಿಲ್ ಕೊನೆಗೆ ಹೋದಾಗ ನೋಡಿದೆ. ಅಜ್ಜಿ ಮೂಗಿಗೆ ಪೈಪು ಸಿಕ್ಕಿಸಿಕೊಂಡೇ ಎಲೆ ಅಡಿಕೆಗೆ ಕೈ ಚಾಚ್ತಾಳೆ. "ಜೀವ ಇದ್ದಾಗ ಸೊಸೆ ನಂಗೆ ಒಂದ್ ಸೊಲ್ಲೂ ಬಿಟ್‌ಕೊಡ್ಲಿಲ್ಲ. ಈಗ ಅವ್ಳ ಮೆಷಿನ್ನೇ ನಂಗೆ ಉಸ್ರು ಕೊಡ್ತದೆ ಕಾಣು" ಅಂತ ನಗ್ತಾಳೆ. ನಕ್ಕರೆ ಕೆಮ್ಮು ಬರ್ತದೆ.

ಅಕ್ಕ, ಮಳೆಗಾಲ ಹತ್ತಿರ ಬಂತು. ನಮ್ಮಲ್ಲಿ ಒಂದು ಕೊಂಬೆ ಬಿದ್ದರೆ ಕಂಬ ಬೀಳ್ತದೆ. ಕಂಬ ಬಿದ್ದರೆ ಲೈನ್‌ಮನ್ ತಿಮ್ಮು ಹಳ್ಳ ದಾಟಿ ಬರೋವರೆಗೆ ಕರೆಂಟಿಲ್ಲ. ಅಜ್ಜಿಯನ್ನು ಕೋಡಿಬಾಗಕ್ಕೆ ಕಳಿಸು, ದೊಡ್ಡಾಸ್ಪತ್ರೆ ಹತ್ತಿರ ಇದೆ ಅಂದೆ ಅಪ್ಪನಿಗೆ. ಕನಿಷ್ಠ ಇನ್ವರ್ಟರ್ ಆದರೂ ಹಾಕಿಸು ಅಂದೆ. "ಎಂತಕೆ?" ಅಂದ. "ದೊಡ್ಡ ಲೈನು ಚಾಲೂ ಆತದಲ್ಲ. ಇನ್ನ್ ಕರೆಂಟ್ ಹೋಪುದೇ ಇಲ್ಲ." ಹೊರಗೆ ಕರೆದುಕೊಂಡು ಹೋಗಿ ಟವರ್ ತೋರಿಸಿದ. "ಕಾಣು, ಎಷ್ಟ್ ದಪ್ಪ ತಂತಿ! ಇಷ್ಟ್ ಕರೆಂಟು ತಲೆ ಮೇಲೇ ಇದ್ದಾಗ ಕೆಳಗಿನ ಮನೆಗೆ ಇಲ್ಲ ಅಂತದ?" ಅವನ ಮುಖ ನೋಡಿದರೆ, ದೇವರು ಬಂದು ಅಂಗಳದಲ್ಲಿ ನಿಂತ ಹಾಗೆ.

ಹಾಸ್ಟೆಲ್‌ಗೆ ಬಂದ ಮೇಲೆ ನಮ್ಮ ವೈಜಯಂತಿ ಮೇಡಂ ಹತ್ತಿರ ಕೇಳಿದೆ. ಕ್ಲಾಸಿನಲ್ಲಿ ಕೈ ಎತ್ತುವ ಧೈರ್ಯ ಇಲ್ಲ, ಕಾರಿಡಾರ್‌ನಲ್ಲಿ ಕೇಳಿದೆ. "ನಿಮ್ಮೂರಲ್ಲಿ ನಾನ್‌ಸ್ಟಾಪ್ ಬಸ್ ಹೋಗ್ತದಲ್ಲ, ನಿಲ್ತದಾ?" ಅಂದರು. ಇಲ್ಲ ಅಂದೆ. "ಇದೂ ಹಾಗೇ. ನಾನೂರು ಕೆವಿ ಲೈನಿನಿಂದ ನೇರ ಮನೆಗೆ ಕೊಡಲಿಕ್ಕೆ ಆಗಲ್ಲ. ಸಬ್‌ಸ್ಟೇಷನ್ ಬೇಕು, ಅಲ್ಲಿಂದ ಇಳಿಸಿ ಇಳಿಸಿ ನಿಮ್ಮೂರಿನ ಟ್ರಾನ್ಸ್‌ಫಾರ್ಮರ್‌ಗೆ ಬರಬೇಕು. ನಿಮ್ಮ ಕಂಬ ಬೀಳೋದಕ್ಕೂ ಈ ಲೈನಿಗೂ ಸಂಬಂಧ ಇಲ್ಲಮ್ಮ."

ಹಾಗಾದರೆ ಲೈನೇ ಬೇಡವಿತ್ತಾ ಅಂದೆ. ಅದಕ್ಕೆ ಒಪ್ಪಲಿಲ್ಲ ಅವರು. ಬಿಸಿಲು ಒಂದು ಕಡೆ, ಗಾಳಿ ಒಂದು ಕಡೆ, ಬಳಸುವ ಊರು ಮತ್ತೊಂದು ಕಡೆ. ಲೈನ್ ಇಲ್ಲದಿದ್ದರೆ ಮಾಡಿದ ಕರೆಂಟೆಲ್ಲ ವೇಸ್ಟ್, ಗ್ರಿಡ್ಡಿಗೆ ದುಡ್ಡು ಹಾಕಲೇಬೇಕು ಅಂದರು. "ಆದರೆ ದೊಡ್ಡದು ದೂರದಿಂದ ಕಾಣ್ತದೆ, ಅದಕ್ಕೆ ಬೇಗ ಹಾಕ್ತಾರೆ. ನಿಮ್ಮ ಕಂಬ ಯಾರಿಗೆ ಕಾಣ್ತದೆ?" ಅವರು ಹೇಳಿದ್ದೆಲ್ಲ ನಿಜ ಅಕ್ಕ. ನಾನು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಹಾಗಾಗಿ ನಿನ್ನ ಹತ್ತಿರ ಕೇಳ್ತಾ ಇದ್ದೇನೆ. ಮಳೆ ಹಿಡಿಯುವ ಮೊದಲು ನೀನೇ ಸುಂಕಸಾಳಕ್ಕೆ ಹೋಗಿ ಅಜ್ಜಿಯನ್ನು ಕರೆದುಕೊಂಡು ಬಾ. ಅಪ್ಪ ನನ್ನ ಮಾತು ಕೇಳೋದಿಲ್ಲ, ನಾನು ರಜೆಗೆ ಬರುವ ನೆಂಟರ ಹಾಗೆ. ನೀನು ಅಂಗಳಕ್ಕೆ ಕಾಲಿಟ್ಟರೆ ಅವನು ಇಲ್ಲ ಅನ್ನೋದಿಲ್ಲ. ಮಾತಾಡಬೇಡ, ಬೇಕಾದರೆ ಅವನ ಮುಖವನ್ನೂ ನೋಡಬೇಡ. ಅಜ್ಜಿಯನ್ನು ಕರೆದುಕೊಂಡು ಬಂದರೆ ಸಾಕು.

ಭಾವನಿಗೆ ನಮಸ್ಕಾರ ಹೇಳು. ಮಗನಿಗೆ ಮುತ್ತು. ನಿಮ್ಮ ಮನೆಯಲ್ಲಿ ದೀಪ ಆರದೇ ಇರಲಿ. ನಿನ್ನ ಕಾಲಿಗೆ ಇಲ್ಲಿಂದಲೇ ಬೀಳ್ತೇನೆ, ಪರೀಕ್ಷೆಗೆ ಆಶೀರ್ವಾದ ಮಾಡು.

ನಿನ್ನ ತಂಗಿ,
ಪೂಜಾ

ತಾ.ಕ.: ಕವರ್ ಅಂಟಿಸಿ ಮತ್ತೆ ಒಡೆದೆ. ಇದನ್ನು ಹೇಳಬೇಡ ಅಂದಿದ್ದಾನೆ ಅಪ್ಪ.

ಆಯಿ ಹೋದ ದಿನ ನೀನು ಬಾಣಂತಿ, ನಾನು ಹಾಸ್ಟೆಲ್‌ನಲ್ಲಿ. ಗಾಳಿಮಳೆಗೆ ಕರೆಂಟು ಹೋಗಿ ಆಯಿ ಹೋದಳು ಅಂತಷ್ಟೇ ನಮಗೆ ಗೊತ್ತು. ಮೆಷಿನ್ ನಿಂತ ಮೇಲೆ, ರಸ್ತೆಗೆ ಬಿದ್ದ ಮರ ಸರಿಸಿ ಆಂಬ್ಯುಲೆನ್ಸ್ ಬರುವವರೆಗೆ, ಅಪ್ಪ ಭತ್ತ ಗೇರುವ ಮೊರ ಹಿಡಿದು ಅವಳಿಗೆ ಗಾಳಿ ಹಾಕ್ತಾ ಕೂತಿದ್ದನಂತೆ. ಅವಳು ಹೋದದ್ದೂ ತಿಳಿಯಲಿಲ್ಲವಂತೆ. ಅಜ್ಜಿ ಬಂದು ಕೈ ಹಿಡಿದು ನಿಲ್ಲಿಸಿದಳಂತೆ.

ಮರ ಕಡಿದ ಮರುದಿನ ನನ್ನನ್ನು ಬಸ್ಸಿಗೆ ಬಿಡಲಿಕ್ಕೆ ಬಂದಾಗ ಅಪ್ಪ ಇದನ್ನು ಹೇಳಿದ. "ಯಶೋದಾ ಹೇಳೂದು ಖರೆ. ಆದ್ರೆ ನಿಮ್ಮಾಯಿಗೆ ಆ ದಿನ ಮರ ಬೇಕಿತ್ತಾ, ಉಸ್ರು ಬೇಕಿತ್ತಾ? ಇನ್ನ್ ಊರಲ್ಲಿ ಯಾರಿಗೂ ಹಂಗಾಗೂಕಿಲ್ಲ ಅಲ್ದ ಮಗಾ? ನೀ ಕಲಿಯೂದು ಅದೇ ಅಲ್ದ?" ನನಗೂ ಆಗ ಗೊತ್ತಿರಲಿಲ್ಲ ಅಕ್ಕ. ಹೌದಪ್ಪ ಅಂದೆ.

ಈಗ ಪ್ರತಿ ಭಾನುವಾರ ಫೋನ್ ಮಾಡಿ, ಲೈನು ಯಾವಾಗ ಚಾಲೂ ಅಂತೆ ಅಂತ ಕೇಳ್ತಾನೆ. ಆ ಲೈನಿನಿಂದ ನಮ್ಮ ಮನೆಯ ಒಂದು ಬಲ್ಬೂ ಉರಿಯೋದಿಲ್ಲ ಅಂತ ಅವನಿಗೆ ನಾನು ಹೇಳಬೇಕಾ, ನೀನು ಹೇಳ್ತೀಯಾ, ಅಥವಾ ಹೇಳದೇ ಇರೋಣವಾ? ನನಗೆ ಒಬ್ಬಳಿಗೇ ಆಗೋದಿಲ್ಲ. ಬೇಗ ಉತ್ತರ ಬರಿ.